ಹೊಳಪಿನ ಆಸೆಗೆ ಅಕ್ಷರಗಳನ್ನು ಬಲಿಕೊಡದಿರೋಣ

ಸಂಪಾದಕರಿಗೆ,

ಮಾನ್ಯರೇ,

ನವರಾತ್ರಿ ಸಮೀಪಿಸುತ್ತಿದೆ. ವರ್ಷವಿಡೀ ಅಟ್ಟದ ಮೇಲಿದ್ದ ಹಂಡೆ, ಬಿಂದಿಗೆ, ಹರಿವಾಣ, ದೀಪದ ಕಂಬಗಳು ಇನ್ನೇನು ಕೆಳಗಿಳಿಯಲಿವೆ. ದೇವಸ್ಥಾನಗಳಲ್ಲಿ ಗಂಟೆ, ಪ್ರಭಾವಳಿ, ಉತ್ಸವಮೂರ್ತಿಗಳನ್ನು ಉಜ್ಜಿ ಬೆಳಗುವ ಕೆಲಸ ನಡೆಯಲಿದೆ. ಹಬ್ಬದ ಮುಂಚಿನ ಈ ಶುಚಿ ನನಗೂ ಪ್ರಿಯವಾದದ್ದೇ. ಆದರೆ ಹೆಸರು, ತಿಥಿ, ದಾನದ ವಿವರ ಅಥವಾ ಚಿತ್ತಾರ ಕಂಡರಿಸಿರುವ ವಸ್ತುಗಳನ್ನು ನಾವು ಬರಿಯ ಪಾತ್ರೆಯಂತೆ, ಬರಿಯ ಕಲ್ಲಿನಂತೆ ತಿಕ್ಕಿ ತೊಳೆಯುತ್ತಿರುವುದರಿಂದ ಪ್ರತಿ ವರ್ಷವೂ ಒಂದಷ್ಟು ಬರಹ ನಮ್ಮ ಕೈಯಾರೆ ಅಳಿಯುತ್ತಿದೆ ಎಂಬ ಸಂಕಟದಿಂದ ಈ ಪತ್ರ ಬರೆಯುತ್ತಿದ್ದೇನೆ.

ಮೊದಲು ನನ್ನಿಂದಲೇ ಆದ ನಷ್ಟವನ್ನು ಹೇಳಬೇಕು. ನಮ್ಮ ಮನೆಯಲ್ಲಿ ಅಜ್ಜಿಗೆ ತವರಿನಿಂದ ಬಳುವಳಿಯಾಗಿ ಬಂದ ತಾಮ್ರದ ಬಿಂದಿಗೆಯೊಂದಿದೆ. ಅದರ ಭುಜದ ಸುತ್ತ ಚಿಕ್ಕ ಉಳಿಯಿಂದ ಚುಕ್ಕೆ ಚುಕ್ಕೆಯಾಗಿ ಹೊಡೆದ ಅಕ್ಷರಗಳಲ್ಲಿ ಅಜ್ಜಿಯ ಹೆಸರು, ಅವರ ತಂದೆಯ ಊರು ಮತ್ತು ಮದುವೆ ನಡೆದ ಸಂವತ್ಸರದ ಹೆಸರು ಇದ್ದವು. ಎರಡು ವರ್ಷಗಳ ಹಿಂದೆ ಮಗನ ಗೃಹಪ್ರವೇಶಕ್ಕೆಂದು ಅದನ್ನು ಪೇಟೆಯ ಅಂಗಡಿಯೊಂದಕ್ಕೆ ಪಾಲಿಶ್ ಮಾಡಲು ಕೊಟ್ಟೆ. ತಿರುಗುವ ಬಟ್ಟೆಯ ಚಕ್ರಕ್ಕೆ ಒಡ್ಡಿ ಅವರು ಅದನ್ನು ಹೊಚ್ಚ ಹೊಸದರಂತೆ ಮಾಡಿ ಕೊಟ್ಟರು. ಮನೆಗೆ ತಂದು ನೋಡಿದಾಗ ಹೆಸರಿನ ಮೊದಲೆರಡು ಅಕ್ಷರಗಳು ಮಾತ್ರ ಮಸುಕಾಗಿ ಉಳಿದಿದ್ದವು. ಸಂವತ್ಸರದ ಹೆಸರಿದ್ದ ಜಾಗ ನುಣ್ಣಗಾಗಿತ್ತು. ಅಜ್ಜಿಯ ಮದುವೆ ಯಾವ ವರ್ಷ ನಡೆಯಿತೆಂದು ಹೇಳಬಲ್ಲ ಬೇರೆ ದಾಖಲೆ ನಮ್ಮಲ್ಲಿಲ್ಲ. ಅಂಗಡಿಯವರನ್ನು ದೂರಲಾರೆ, ಹೊಳಪು ಬೇಕೆಂದು ಕೇಳಿದವಳು ನಾನು, ಅಕ್ಷರಗಳನ್ನು ಉಳಿಸಿಕೊಡಿ ಎಂದು ಹೇಳದೆ ಬಂದವಳೂ ನಾನೇ.

ಕಂಡರಿಸಿದ ಬರಹವನ್ನು ಓದಲು ಸಾಧ್ಯವಾಗುವುದು ಎರಡು ಕಾರಣಗಳಿಂದ. ಗೆರೆಯ ಅಂಚು ಹರಿತವಾಗಿರುವುದರಿಂದ ಬೆಳಕು ಬಿದ್ದಾಗ ಅಲ್ಲಿ ನೆರಳು ನಿಲ್ಲುತ್ತದೆ. ಗೆರೆಯ ತಳದಲ್ಲಿ ಕಾಲಕ್ರಮದಲ್ಲಿ ಕೂತ ಕಪ್ಪು, ಹೊಳೆಯುವ ಮೇಲ್ಮೈಯಿಂದ ಅಕ್ಷರವನ್ನು ಬೇರ್ಪಡಿಸಿ ತೋರಿಸುತ್ತದೆ. ಪಾತ್ರೆಯ ಮೇಲಿನ ಅಕ್ಷರದ ಆಳ ಬಹಳವೆಂದರೆ ಉಗುರಿನ ದಪ್ಪದಷ್ಟು. ಒರಟು ಪುಡಿ ಹಾಕಿ ಉಜ್ಜಿದಾಗಲೆಲ್ಲ ಮೇಲ್ಮೈ ಒಂದಿಷ್ಟು ಸವೆಯುತ್ತದೆ, ಅಂಚು ಮೊಂಡಾಗುತ್ತದೆ, ತಳದ ಕಪ್ಪೂ ಹೋಗುತ್ತದೆ. ಒಂದು ಸಲಕ್ಕೆ ಕಣ್ಣಿಗೆ ಕಾಣದ ಈ ಸವೆತ ನಲವತ್ತು ಐವತ್ತು ಹಬ್ಬಗಳು ಕಳೆಯುವಷ್ಟರಲ್ಲಿ ಹೆಸರನ್ನೇ ತಿಂದುಬಿಡುತ್ತದೆ. ಯಂತ್ರದ ಚಕ್ರ ಅದೇ ಕೆಲಸವನ್ನು ಹತ್ತು ನಿಮಿಷದಲ್ಲಿ ಮಾಡಿ ಮುಗಿಸುತ್ತದೆ. ಹಾಗಾಗಿ ಗೆರೆಯೊಳಗಿನ ಕಪ್ಪನ್ನು ಕೊಳೆಯೆಂದು ಭಾವಿಸಬಾರದು. ಕೊಳೆ ಎಂದರೆ ಎಣ್ಣೆಯ ಜಿಡ್ಡು, ಧೂಳು, ಹೊಗೆಯ ಮಸಿ; ಅಷ್ಟನ್ನು ತೆಗೆದರೆ ಸಾಕು.

ತಾಮ್ರ, ಹಿತ್ತಾಳೆಗಳಿಗೆ ಹುಣಸೆಹಣ್ಣು ಮತ್ತು ಉಪ್ಪು ನಮ್ಮ ಅಡುಗೆಮನೆಗಳ ಹಳೆಯ ವಾಡಿಕೆ. ನಿತ್ಯ ಬಳಕೆಯ ಸಾದಾ ಚೆಂಬಿಗೆ ಅದನ್ನು ಬೇಡವೆನ್ನಲಾರೆ. ಬರಹವಿರುವ ಪಾತ್ರೆಗಾದರೆ ಎರಡು ತೊಂದರೆಗಳಿವೆ. ಹುಣಸೆಯ ಹುಳಿ ತಾಮ್ರದ ಮೇಲಿನ ಕಪ್ಪು ಪದರವನ್ನು ಕರಗಿಸುತ್ತದೆ, ಅಕ್ಷರದ ಒಳಗಿನ ಕಪ್ಪನ್ನೂ ಬಿಡುವುದಿಲ್ಲ. ಉಪ್ಪಿನದು ಇನ್ನೂ ಕೆಟ್ಟದ್ದು. ತೊಳೆದ ಮೇಲೂ ಗೆರೆಗಳ ಸಂದಿಯಲ್ಲಿ ಉಳಿದುಕೊಳ್ಳುವ ಉಪ್ಪಿನಂಶ ಮಳೆಗಾಲದ ತೇವವನ್ನು ಹೀರಿಕೊಂಡು ಲೋಹವನ್ನು ಒಳಗೊಳಗೇ ತಿನ್ನುತ್ತದೆ. ಕೆಲವು ತಿಂಗಳ ನಂತರ ಅಕ್ಷರದ ಒಳಗಿನಿಂದಲೇ ತಿಳಿಹಸಿರು ಪುಡಿ ಏಳುವುದು ಇದೇ ಕಾರಣಕ್ಕೆ. ನಮ್ಮ ಮಲೆನಾಡಿನ ಅಂಚಿನ ಊರುಗಳಲ್ಲಿ ಈ ಕಿಲುಬು ಬಹಳ ಬೇಗ ಹಿಡಿಯುತ್ತದೆ. ಹಿತ್ತಾಳೆಯನ್ನು ರಾತ್ರಿಯಿಡೀ ಹುಣಸೆಯ ನೀರಿನಲ್ಲಿ ನೆನೆಹಾಕಿದರೆ ಅದರಲ್ಲಿರುವ ಸತು ಮೊದಲು ಕರಗಿ ಹೋಗಿ ಮೇಲ್ಮೈಯಲ್ಲಿ ತಾಮ್ರವಷ್ಟೇ ಉಳಿಯುತ್ತದೆ. ಬೆಳಗ್ಗೆ ಪಾತ್ರೆ ಗುಲಾಬಿ ಬಣ್ಣಕ್ಕೆ ತಿರುಗಿರುವುದನ್ನು ಕಂಡು ಚೆನ್ನಾಗಿ ಶುಚಿಯಾಯಿತೆಂದು ಸಂತೋಷಪಡುವವರನ್ನು ನೋಡಿದ್ದೇನೆ. ಆದರೆ ಆ ಪದರ ಬಲಹೀನವಾದದ್ದು, ಮುಂದಿನ ಉಜ್ಜುವಿಕೆಗೆ ಇನ್ನಷ್ಟು ಬೇಗ ಸವೆಯುವಂಥದ್ದು.

ಅಂಥ ಪಾತ್ರೆಗಳಿಗೆ ಉಗುರುಬೆಚ್ಚಗಿನ ನೀರು ಮತ್ತು ಸೋಸಿದ ಅಂಟುವಾಳದ ನೀರು ಸಾಕು. ಹಳೆಯ ಹತ್ತಿಯ ಪಂಚೆಯ ತುಂಡಿನಿಂದ ಒರೆಸಿ, ಅಕ್ಷರಗಳಿರುವ ಕಡೆ ಮೆದುವಾದ ಹಲ್ಲುಜ್ಜುವ ಬ್ರಷ್ಷನ್ನು ಒತ್ತದೆ ಆಡಿಸಿ, ಶುದ್ಧ ನೀರಿನಲ್ಲಿ ಎರಡು ಸಲ ತೊಳೆದು, ತಕ್ಷಣವೇ ಒಣಬಟ್ಟೆಯಿಂದ ಒರೆಸಬೇಕು. ಪಾತ್ರೆ ತಾನಾಗಿ ಒಣಗಲಿ ಎಂದು ಬಿಡಬಾರದು. ಹೊಳಪು ಬೇಕೇ ಬೇಕೆಂದಾದರೆ ಉಪ್ಪಿಲ್ಲದ ತೆಳು ಹುಣಸೆ ನೀರನ್ನು ಅರಳೆಯಲ್ಲಿ ಅದ್ದಿ, ಬರಹದ ಪಟ್ಟಿಯನ್ನು ಬಿಟ್ಟು ಉಳಿದ ಭಾಗಕ್ಕೆ ಮಾತ್ರ ಸವರಿ ಕೂಡಲೇ ತೊಳೆಯಬಹುದು. ಬೂದಿ, ಇಟ್ಟಿಗೆಪುಡಿ, ರಂಗೋಲಿಪುಡಿ, ಕಬ್ಬಿಣದ ನಾರು ಇವು ಯಾವುವೂ ಅಕ್ಷರದ ಹತ್ತಿರ ಬರಬಾರದು. ಅಂಗಡಿಯಲ್ಲಿ ಸಿಗುವ ಪಾಲಿಶ್ ದ್ರವಗಳಲ್ಲಿಯೂ ಉಜ್ಜುವ ನುಣ್ಣನೆಯ ಪುಡಿ ಇರುತ್ತದೆ. ಅದು ಗೆರೆಗಳಲ್ಲಿ ಬೆಳ್ಳಗೆ ಒಣಗಿ ಕೂತರೆ ಬಿಡಿಸುವುದು ಕಷ್ಟ, ಬಿಡಿಸಲು ಸೂಜಿ ಹಾಕಿದರೆ ಹೊಸ ಗೀರುಗಳು ಬೀಳುತ್ತವೆ.

ಇದೇ ಲೋಹದ ಮೇಲೆ ಬರೆದ ತಾಮ್ರಶಾಸನಗಳ ವಿಷಯ ಇದಕ್ಕಿಂತ ಗಂಭೀರವಾದದ್ದು. ಮಠಗಳಲ್ಲಿ, ಹಳೆಯ ಜೋಡಿದಾರ, ಶಾನುಭೋಗ ಮನೆತನಗಳಲ್ಲಿ ಬಳೆಯೊಂದಕ್ಕೆ ಪೋಣಿಸಿ ಮುದ್ರೆಯೊತ್ತಿದ ತಾಮ್ರದ ಹಲಗೆಗಳು ಇಂದಿಗೂ ಪೂಜೆಯ ಕೋಣೆಯಲ್ಲಿರುವುದುಂಟು. ಆಯುಧಪೂಜೆಯ ದಿನ ಅವುಗಳನ್ನೂ ಹುಣಸೆಹಣ್ಣಿನಲ್ಲಿ ತಿಕ್ಕಿ, ಅರಿಸಿನ ಕುಂಕುಮ ಹಚ್ಚಿ ಇಡುವ ಭಕ್ತಿಯನ್ನು ಗೌರವಿಸುತ್ತಲೇ ಹೇಳುತ್ತೇನೆ: ಆ ಹಲಗೆಗಳನ್ನು ತೊಳೆಯಲೇಬೇಡಿ. ಅವುಗಳ ಮೇಲಿನ ಕಂದು ಅಥವಾ ಕಡುಹಸಿರು ಗಟ್ಟಿ ಪದರ ಲೋಹಕ್ಕೆ ತಾನೇ ತೊಡಿಸಿಕೊಂಡ ರಕ್ಷಣೆ. ಒಣಬಟ್ಟೆಯಲ್ಲಿ ಧೂಳು ಒರೆಸಿ, ಸಾಧ್ಯವಾದಷ್ಟು ಬೆವರುಗೈಯಿಂದ ಮುಟ್ಟದೆ, ಒಣಗಿದ ಹತ್ತಿಯ ಬಟ್ಟೆಯಲ್ಲಿ ಸುತ್ತಿ ತೇವವಿಲ್ಲದ ಕಡೆ ಇಟ್ಟರೆ ಸಾಕು. ಪುಡಿಪುಡಿಯಾದ ತಿಳಿಹಸಿರು ಚುಕ್ಕೆಗಳು ಕಾಣಿಸಿಕೊಂಡರೆ ಮಾತ್ರ ತಡಮಾಡದೆ ತಿಳಿದವರಿಗೆ ತೋರಿಸಬೇಕು, ಏಕೆಂದರೆ ಅದು ನಿಲ್ಲದೆ ಹಬ್ಬುವ ರೋಗ. ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಶಾಸನ ವಿಭಾಗ ನಮ್ಮ ಮೈಸೂರಿನಲ್ಲಿಯೇ ಇದೆ ಎಂಬುದನ್ನು ಅಂಥ ಮನೆತನದವರು ನೆನಪಿಡಬೇಕು. ದೇವಸ್ಥಾನದ ಪಂಚಲೋಹದ ಮೂರ್ತಿಗಳ ಪೀಠದಲ್ಲಿಯೂ, ಗಂಟೆಗಳ ಅಂಚಿನಲ್ಲಿಯೂ ದಾನಿಗಳ ಹೆಸರುಗಳಿರುತ್ತವೆ. ಅಭಿಷೇಕ ಮತ್ತು ಅಲಂಕಾರ ಮೇಲ್ಭಾಗಕ್ಕೆ ನಡೆದರೂ ಪೀಠದ ಆ ಸಾಲನ್ನು ಉಜ್ಜದೆ ಬಿಡುವಂತೆ ಅರ್ಚಕರಲ್ಲಿ ನನ್ನ ವಿನಂತಿ.

ಬೆಳ್ಳಿಯ ಬಗ್ಗೆ ಕೆಲವೇ ಮಾತು. ಕುಂಕುಮದ ಭರಣಿ, ಆರತಿ ತಟ್ಟೆ, ಪಂಚಪಾತ್ರೆಗಳು ಕಪ್ಪಾಗುವುದು ಗಾಳಿಯಲ್ಲಿರುವ ಗಂಧಕದ ಅಂಶದಿಂದ. ಉಣ್ಣೆಯ ಬಟ್ಟೆಯಲ್ಲಿ ಸುತ್ತಿದರೆ ಅಥವಾ ರಬ್ಬರ್ ಬ್ಯಾಂಡ್ ಹಾಕಿಟ್ಟರೆ ಅದು ಇನ್ನೂ ಬೇಗ ಆಗುತ್ತದೆ. ಹಲ್ಲುಜ್ಜುವ ಪೇಸ್ಟ್ ಬೆಳ್ಳಿಯಂಥ ಮೆದು ಲೋಹಕ್ಕೆ ಗೀರುಗಳನ್ನು ಉಳಿಸುತ್ತದೆ. ಅಲ್ಯೂಮಿನಿಯಂ ಹಾಳೆ, ಅಡುಗೆ ಸೋಡಾ, ಬಿಸಿನೀರಿನ ಉಪಾಯ ಈಗ ಎಲ್ಲರ ಮೊಬೈಲಿನಲ್ಲೂ ಇದೆ. ಸಾದಾ ಲೋಟಕ್ಕೆ ಅದು ಸರಿ, ಆದರೆ ಚಿತ್ತಾರದ ಆಳದಲ್ಲಿರಬೇಕಾದ ಕಪ್ಪನ್ನೂ ಅದು ಎಳೆದುಹಾಕುವುದರಿಂದ ಹೂಬಳ್ಳಿಗಳೆಲ್ಲ ಚಪ್ಪಟೆಯಾಗಿ ಕಾಣುತ್ತವೆ. ಸ್ಟೀಲ್ ಪಾತ್ರೆಗಳ ಮೇಲೆ ಅಂಗಡಿಯವರು ವಿದ್ಯುತ್ ಪೆನ್ನಿನಿಂದ ಕೊರೆದುಕೊಡುವ ಹೆಸರುಗಳಿಗೆ ಇಷ್ಟೆಲ್ಲ ಆರೈಕೆ ಬೇಕಿಲ್ಲ.

ಬೀದರಿನ ಬಿದ್ರಿ ವಸ್ತುಗಳನ್ನು ಉಡುಗೊರೆಯಾಗಿ ಪಡೆದವರು ನಾಡಿನಾದ್ಯಂತ ಇದ್ದಾರೆ, ಅವುಗಳನ್ನು ಹಾಳುಮಾಡಿಕೊಂಡವರೂ ಅಷ್ಟೇ ಇದ್ದಾರೆಂದು ನನ್ನ ಅನುಭವ. ಬಿದ್ರಿಯ ಒಡಲು ಹೆಚ್ಚು ಸತು, ಸ್ವಲ್ಪ ತಾಮ್ರ ಬೆರೆತ ಮಿಶ್ರಲೋಹ. ಕುಶಲಕರ್ಮಿ ಅದರ ಮೇಲೆ ಉಳಿಯಿಂದ ಚಿತ್ತಾರ ಕೊರೆದು, ಆ ಗೆರೆಗಳೊಳಗೆ ಬೆಳ್ಳಿಯ ತಂತಿಯನ್ನೋ ತಗಡನ್ನೋ ಬಡಿದು ಕೂರಿಸುತ್ತಾನೆ. ಕೊನೆಗೆ ಬೀದರ್ ಕೋಟೆಯ ಮಣ್ಣನ್ನು ನವಸಾಗರದೊಂದಿಗೆ ಕಲಸಿದ ಬಿಸಿ ದ್ರಾವಣದಿಂದ ಒಡಲನ್ನು ಕಪ್ಪಾಗಿಸುತ್ತಾನೆ. ಬೆಳ್ಳಿ ಮಾತ್ರ ಬೆಳ್ಳಗೇ ಉಳಿಯುತ್ತದೆ. ಅಂದರೆ ಆ ಕಪ್ಪು ಬಳಿದ ಬಣ್ಣವಲ್ಲ, ಲೋಹದ ಮೇಲ್ಮೈಯೇ ಬದಲಾಗಿ ಆದ ತೆಳು ಪದರ. 2006ರಲ್ಲಿ, ಆ ಊರಿಗೇ ಸೇರಿದ ಕಸುಬೆಂದು ಕಾನೂನು ಮನ್ನಿಸುವ ಭೌಗೋಳಿಕ ಗುರುತು (ಜಿಐ) ಪಡೆದ ಈ ಕಲೆಯ ಚೆಲುವೆಲ್ಲ ಕಪ್ಪು ಮತ್ತು ಬೆಳ್ಳಿಯ ನಡುವಿನ ಆ ವ್ಯತ್ಯಾಸದಲ್ಲಿದೆ. ಬೆಳ್ಳಿ ಮಂಕಾಯಿತೆಂದು ಇಡೀ ಹೂದಾನಿಗೆ ಪಾಲಿಶ್ ಹಾಕಿ ಉಜ್ಜಿದರೆ ಒಡಲು ಬೂದುಬಣ್ಣಕ್ಕೆ ತಿರುಗುತ್ತದೆ, ಅದನ್ನು ಮನೆಯಲ್ಲಿ ಮತ್ತೆ ಕಪ್ಪಾಗಿಸಲು ಬರುವುದಿಲ್ಲ. ಮೆದು ಬಟ್ಟೆಗೆ ಒಂದೆರಡು ಹನಿ ಕೊಬ್ಬರಿ ಎಣ್ಣೆ ಹಾಕಿ ತೆಳುವಾಗಿ ಸವರಿ, ಹೆಚ್ಚಾದುದನ್ನು ಒರೆಸಿಬಿಟ್ಟರೆ ಕಪ್ಪು ಗಾಢವಾಗುತ್ತದೆ. ತಯಾರಿಸುವವರು ಕೊನೆಯಲ್ಲಿ ಮಾಡುವುದೂ ಎಣ್ಣೆಯ ಇಂಥದ್ದೇ ಸವರಿಕೆ.

ತಾಳೆಗರಿಯ ಕಟ್ಟುಗಳನ್ನು ಕಂಡರಿಸಿದ ವಸ್ತುಗಳೆಂದು ಹಲವರು ಎಣಿಸುವುದೇ ಇಲ್ಲ. ನಮ್ಮ ನಾಡಿನ ಓಲೆಗಳಲ್ಲಿ ಅಕ್ಷರವನ್ನು ಕಬ್ಬಿಣದ ಕಂಟದಿಂದ ಗರಿಯ ಮೈಯಲ್ಲಿ ಕೊರೆದು, ಆಮೇಲೆ ಎಣ್ಣೆ ಬೆರೆಸಿದ ಕಾಡಿಗೆಯನ್ನು ತಿಕ್ಕಿ ಒರೆಸುತ್ತಿದ್ದರು. ಗೆರೆಯಲ್ಲಿ ನಿಂತ ಕಾಡಿಗೆಯೇ ನಮಗೆ ಓದಲು ಕಾಣುವುದು. ಒದ್ದೆ ಬಟ್ಟೆಯಿಂದ ಒರೆಸಿದರೆ ಆ ಕಾಡಿಗೆ ಹೋಗುತ್ತದೆ. ಹಾಗೆ ಹೋದದ್ದನ್ನು ಕಂಡು ಬರಹವೇ ಅಳಿಯಿತೆಂದು ತಿಳಿದು ಕಟ್ಟನ್ನು ಹೊಳೆಗೆ ಬಿಟ್ಟವರ ಮನೆಯೊಂದನ್ನು ನಾನು ಬಲ್ಲೆ. ಕೊರೆದ ಗೆರೆ ಇರುವವರೆಗೆ ಬರಹ ಅಳಿದಿಲ್ಲ. ತಿಳಿದವರು ಮತ್ತೆ ಕಾಡಿಗೆ ತುಂಬಿ ಓದಬಲ್ಲರು. ಅಡುಗೆಯ ಎಣ್ಣೆ ಹಚ್ಚಿದರೆ ಅದು ಕಮಟಿ ಧೂಳು ಹಿಡಿಯುತ್ತದೆ, ಪ್ಲಾಸ್ಟಿಕ್ ಹಾಳೆಯಲ್ಲಿ ಬಿಗಿದಿಟ್ಟರೆ ತೇವ ಒಳಗೇ ನಿಂತು ಬೂಷ್ಟು ಬರುತ್ತದೆ. ಗ್ರಂಥಾಲಯಗಳಲ್ಲಿ ನಿಂಬೆಹುಲ್ಲಿನ ಎಣ್ಣೆಯನ್ನು ತೆಳುವಾಗಿ ಸವರುತ್ತಾರೆ, ಅದರಿಂದ ಗರಿ ಬಳುಕುವ ಗುಣ ಉಳಿಸಿಕೊಳ್ಳುತ್ತದೆ, ಹುಳುವೂ ದೂರವಿರುತ್ತದೆ. ಗರಿ ಬಿರುಸಾಗಿದ್ದರೆ ಮನೆಯಲ್ಲಿ ಅದನ್ನೂ ಪ್ರಯತ್ನಿಸದೆ, ಎರಡು ಮರದ ಹಲಗೆಗಳ ನಡುವೆ ಸಡಿಲವಾಗಿ ಕಟ್ಟಿ ಹತ್ತಿಯ ಬಟ್ಟೆಯಲ್ಲಿಟ್ಟು ಬಲ್ಲವರನ್ನು ಕೇಳುವುದು ಒಳ್ಳೆಯದು. 1891ರಲ್ಲಿ ಆರಂಭವಾದ ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯಕ್ಕೆ ಯಾರೋ ತಂದುಕೊಟ್ಟ ತಾಳೆಗರಿಯ ಕಟ್ಟಿನಲ್ಲಿಯೇ 1905ರಲ್ಲಿ ಆರ್. ಶಾಮಶಾಸ್ತ್ರಿಗಳು ಕೌಟಿಲ್ಯನ ಅರ್ಥಶಾಸ್ತ್ರವನ್ನು ಗುರುತಿಸಿದರು. ಆ ಕಟ್ಟನ್ನು ಅಷ್ಟು ಕಾಲ ಅಟ್ಟದಲ್ಲಾದರೂ ಕಾಪಾಡಿದ ಮನೆಯೊಂದು ಇತ್ತು ಎಂಬುದನ್ನು ನೆನೆದಾಗಲೆಲ್ಲ ನನ್ನ ಮನಸ್ಸು ತುಂಬಿಬರುತ್ತದೆ.

ಸಾಗರ, ಸೊರಬದ ಗುಡಿಗಾರರು ಕೆತ್ತಿದ ಶ್ರೀಗಂಧದ ಪೆಟ್ಟಿಗೆ, ಹಾರಗಳಿಗೆ ನೀರೂ ಬೇಡ, ಎಣ್ಣೆಯೂ ಬೇಡ. ಒಣ ಕುಂಚದಿಂದ ಧೂಳು ಕೊಡವಿ ಬಿಸಿಲು ತಾಗದ ಕಡೆ ಇಡಬೇಕು.

ಇನ್ನು ಕಲ್ಲು. ನಮ್ಮ ಶಿಕಾರಿಪುರ ತಾಲ್ಲೂಕಿನಲ್ಲಿ ಹುಟ್ಟಿ ಬೆಳೆದವರಿಗೆ ಶಾಸನವೆಂದರೆ ವಸ್ತುಸಂಗ್ರಹಾಲಯದ ಸಾಮಗ್ರಿಯಲ್ಲ, ಊರ ಬಾಗಿಲಲ್ಲಿ ದನ ಮೈ ಉಜ್ಜಿಕೊಳ್ಳುವ ಕಲ್ಲು. ತಾಳಗುಂದದ ಪ್ರಣವೇಶ್ವರ ದೇಗುಲದ ಮುಂದೆ ನಿಂತಿರುವ ಕಂಬದಲ್ಲಿ ಐದನೆಯ ಶತಮಾನದ ಕವಿ ಕುಬ್ಜ ಕದಂಬರ ಕಥೆಯನ್ನು ಸಂಸ್ಕೃತ ಕಾವ್ಯವಾಗಿ ರಚಿಸಿ, ತನ್ನ ಆ ಕಾವ್ಯವನ್ನು ತಾನೇ ಕಲ್ಲಿನ ಮೇಲೆ ಬರೆದೆನೆಂದು ಕೊನೆಯಲ್ಲಿ ಹೇಳಿಕೊಂಡಿದ್ದಾನೆ. ಸುಮಾರು ಒಂದೂವರೆ ಸಾವಿರ ವರ್ಷಗಳ ಮಳೆಗಾಲವನ್ನು ಆ ಅಕ್ಷರಗಳು ತಾಳಿಕೊಂಡಿವೆ. ಮಳೆಯನ್ನು ತಾಳಿಕೊಂಡ ಕಲ್ಲುಗಳು ನಮ್ಮ ಜೀರ್ಣೋದ್ಧಾರವನ್ನು ತಾಳಿಕೊಳ್ಳಲಾರವು ಎಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ನಾನು ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುತ್ತಿದ್ದ ಕಾಲದಲ್ಲಿ ಪಕ್ಕದ ಊರಿನ ವೀರಗಲ್ಲೊಂದರ ಬಳಿ ಮಕ್ಕಳನ್ನು ಕರೆದೊಯ್ದು, ತುರುಗಳನ್ನು ಕಾಯುತ್ತಾ ಮಡಿದವನ ಬಗೆಗಿನ ನಾಲ್ಕು ಸಾಲುಗಳನ್ನು ಅಕ್ಷರ ಅಕ್ಷರವಾಗಿ ಬರೆಯಿಸಿಕೊಂಡಿದ್ದೆ. ಕೆಲವು ವರ್ಷಗಳ ನಂತರ ಗುಡಿಯ ಜೀರ್ಣೋದ್ಧಾರ ನಡೆಯಿತು. ಕಲ್ಲು ಚೆನ್ನಾಗಿ ಕಾಣಲೆಂದು ಅದಕ್ಕೆ ಹಸಿರು ಮತ್ತು ಬೆಳ್ಳಿಬಣ್ಣದ ಎನಾಮಲ್ ಬಳಿದರು. ಮತ್ತೆ ಯಾರೋ ಅದು ಸರಿಯಲ್ಲವೆಂದಾಗ, ಬಣ್ಣ ತೆಗೆಯಲು ಗಾಳಿಯ ಒತ್ತಡದಲ್ಲಿ ಮರಳು ಹೊಡೆಯುವ ಯಂತ್ರವನ್ನು ತರಿಸಿದರು. ಬಣ್ಣ ಹೋಯಿತು; ಅದರೊಂದಿಗೆ ಮೂರು ಸಾಲುಗಳೂ ಹೋದವು. ಆ ಕೆಲಸ ಮಾಡಿಸಿದವರೆಲ್ಲರೂ ಊರಿನ ಬಗ್ಗೆ ಅಭಿಮಾನವಿದ್ದವರು, ಕೈಯಿಂದ ಹಣ ಹಾಕಿದವರು. ಹೀಗೆ ಮಾಡಬೇಡಿ ಎಂದು ಹೇಳಬಲ್ಲ ಒಬ್ಬರೂ ಆ ಹೊತ್ತಿನಲ್ಲಿ ಅಲ್ಲಿರಲಿಲ್ಲ, ಬರೆದು ಅಂಟಿಸಿದ ಒಂದು ಸೂಚನೆಯೂ ಇರಲಿಲ್ಲ.

ಕಲ್ಲುಗಳಲ್ಲಿಯೂ ಜಾತಿಗಳಿವೆ, ಎಲ್ಲಕ್ಕೂ ಒಂದೇ ಉಪಚಾರ ಸಲ್ಲದು. ಬಳ್ಳಿಗಾವಿಯ ಕೇದಾರೇಶ್ವರದಂಥ ಗುಡಿಗಳಿಗೆ ಬಳಸಿದ ಬಳಪದ ಕಲ್ಲು ಚಾಕುವಿನ ತುದಿಗೂ ಗೆರೆ ಬೀಳುವಷ್ಟು ಮೆದು. ರೂವಾರಿಗಳು ಅಷ್ಟು ಸೂಕ್ಷ್ಮವಾಗಿ ಕೆತ್ತಲು ಸಾಧ್ಯವಾದದ್ದೂ, ತಂತಿಯ ಬ್ರಷ್ಷಿನಿಂದ ಅದು ಒಂದೇ ದಿನದಲ್ಲಿ ಹಾಳಾಗುವುದೂ ಆ ಮೆದುತನದಿಂದಲೇ. ಬಾದಾಮಿ, ಐಹೊಳೆಗಳ ಮರಳುಗಲ್ಲು ನೀರನ್ನು ಹೀರಿಕೊಳ್ಳುತ್ತದೆ. ಅದರ ಸಂದಿಗಳಿಗೆ ಸಿಮೆಂಟ್ ಮೆತ್ತಿದರೆ ಸಿಮೆಂಟಿನ ಲವಣಗಳು ಕಲ್ಲಿನೊಳಗೆ ಇಳಿದು ಹರಳುಗಟ್ಟಿ, ಮೇಲ್ಮೈಯನ್ನು ಅಕ್ಷರಸಮೇತ ಚಕ್ಕೆ ಚಕ್ಕೆಯಾಗಿ ಎಬ್ಬಿಸುತ್ತವೆ. ಕಣಶಿಲೆ (ಗ್ರಾನೈಟ್) ಗಟ್ಟಿಯಾದದ್ದು, ಆದರೆ ಆಸಿಡ್ಡಿಗೂ ಮರಳಿನ ಹೊಡೆತಕ್ಕೂ ಅದರ ಅಕ್ಷರಗಳು ಉಳಿಯುವುದಿಲ್ಲ. ಶಾಲೆ, ಸಮುದಾಯ ಭವನಗಳ ಅಮೃತಶಿಲೆಯ ಫಲಕಗಳನ್ನು ಇವುಗಳೊಂದಿಗೆ ಸೇರಿಸಬಾರದು. ನಿಂಬೆರಸ ಬಿದ್ದರೂ ಕರಗುವ ಕಲ್ಲು ಅದು, ಹುಳಿಯ ಯಾವ ದ್ರವವನ್ನೂ ಅದರ ಹತ್ತಿರ ಒಯ್ಯಬಾರದು.

ಹಳ್ಳಿಯ ಶಾಸನಕ್ಕೆ ಹಾವಸೆ ಹಿಡಿದಿದ್ದರೆ ಮೊದಲು ಶುದ್ಧ ನೀರಿನಿಂದ ಚೆನ್ನಾಗಿ ನೆನೆಸಿ, ಮೆದುವಾದ ನಾರಿನ ಬ್ರಷ್ಷಿನಿಂದ ಒರೆಸಿದರೆ ಬರುವಷ್ಟು ಬರಲಿ, ಬಾರದ್ದನ್ನು ಕೆರೆಯಬಾರದು. ಬ್ಲೀಚಿಂಗ್ ಪುಡಿ, ಆಸಿಡ್ ಬೇಡ. ಎಣ್ಣೆ, ತುಪ್ಪ ಹಚ್ಚಿದರೆ ಧೂಳು ಕೂತು ಕೆಲವೇ ವರ್ಷಗಳಲ್ಲಿ ಅಕ್ಷರಗಳು ಮುಚ್ಚಿಹೋಗುತ್ತವೆ. ಪೂಜೆ ನಿಲ್ಲಿಸಿ ಎಂದು ನಾನು ಯಾರಿಗೂ ಹೇಳಲಾರೆ. ವೀರಗಲ್ಲುಗಳಲ್ಲಿ ಬರಹ ಸಾಮಾನ್ಯವಾಗಿ ಶಿಲ್ಪದ ಹಂತಗಳ ನಡುವಿನ ಪಟ್ಟಿಗಳಲ್ಲಿರುತ್ತದೆ; ಅರಿಸಿನ ಕುಂಕುಮವನ್ನು ಆ ಪಟ್ಟಿಗಳಿಗೆ ಬಳಿಯದೆ ಕಲ್ಲಿನ ಬುಡದಲ್ಲಿಟ್ಟರೆ ಭಕ್ತಿಗೂ ಕೊರತೆಯಿಲ್ಲ, ಬರಹಕ್ಕೂ ಕೇಡಿಲ್ಲ. ಓದಲು ಬಿಳಿ ಬಣ್ಣ ತುಂಬುವ ಅಗತ್ಯವೂ ಇಲ್ಲ. ಸಂಜೆ ಕತ್ತಲಾದ ಮೇಲೆ ಟಾರ್ಚನ್ನು ಕಲ್ಲಿನ ಪಕ್ಕದಿಂದ ಓರೆಯಾಗಿ ಹಿಡಿದರೆ, ಹಗಲಲ್ಲಿ ಕಾಣದ ಅಕ್ಷರಗಳೂ ನೆರಳಿನಲ್ಲಿ ಎದ್ದು ಬರುತ್ತವೆ. ಮಕ್ಕಳಿಗೆ ಇದನ್ನು ತೋರಿಸಿದಾಗ ಅವರ ಮುಖದಲ್ಲಿ ಕಂಡ ಬೆರಗನ್ನು ನಾನಿನ್ನೂ ಮರೆತಿಲ್ಲ.

ಶಾಸನಗಳನ್ನು ಸಂಗ್ರಹಿಸಿದ ವಿದ್ವಾಂಸ ಬಿ. ಎಲ್. ರೈಸ್ ಅವರು ನಮ್ಮ ತಾಲ್ಲೂಕಿನ ಶಾಸನಗಳನ್ನು 1902ರಷ್ಟು ಹಿಂದೆಯೇ ಎಪಿಗ್ರಾಫಿಯಾ ಕರ್ನಾಟಿಕ ಎಂಬ ಶಾಸನ ಸಂಪುಟಗಳ ಮಾಲೆಯ 7ನೆಯ ಸಂಪುಟದಲ್ಲಿ ಅಚ್ಚು ಮಾಡಿಸಿದ್ದಾರಲ್ಲ, ಕಲ್ಲು ಹೋದರೂ ಪಾಠ ಉಳಿದಿದೆಯಲ್ಲ ಎಂದು ಕೆಲವರು ಕೇಳುತ್ತಾರೆ. ಅಚ್ಚಾದ ಪಾಠದಲ್ಲಿ ಒಂದು ಅಕ್ಷರ ಸಂದೇಹವೆನಿಸಿದರೆ ವಿದ್ವಾಂಸರು ಮರಳಿ ನೋಡಬೇಕಾದದ್ದು ಕಲ್ಲನ್ನೇ. ಪಡಿಯಚ್ಚು ತೆಗೆಯುವುದೆಂದರೆ ಒದ್ದೆ ಕಾಗದವನ್ನು ಗೆರೆಗಳೊಳಗೆ ಬ್ರಷ್ಷಿನಿಂದ ಕೂರಿಸಿ ಮೇಲೆ ಮಸಿ ತಟ್ಟುವುದು. ಗೆರೆ ಎನಾಮಲ್ಲಿನಿಂದ ತುಂಬಿದ್ದರೆ ಕಾಗದ ಎಲ್ಲಿ ಇಳಿಯಬೇಕು? ಬೆಂಗಳೂರಿನಲ್ಲಿ ಮಿಥಿಕ್ ಸೊಸೈಟಿ ಎಂಬ ಇತಿಹಾಸ ಅಧ್ಯಯನ ಸಂಸ್ಥೆಯವರು ಶಾಸನಗಳನ್ನು ಮೂರು ಆಯಾಮಗಳಲ್ಲಿ ಸ್ಕ್ಯಾನ್ ಮಾಡಿ ಕಾಪಿಡುತ್ತಿದ್ದಾರೆ. ಹೆಬ್ಬಾಳದಲ್ಲಿ ದೊರೆತ ಎಂಟನೆಯ ಶತಮಾನದ ಕಿತ್ತಯ್ಯನ ವೀರಗಲ್ಲಿಗೆ ನಾಗರಿಕರೇ ಮುಂದಾಗಿ ನೆಲೆ ಕಲ್ಪಿಸಿದ ಸುದ್ದಿ ಓದಿ ಬಹಳ ಸಂತೋಷವಾಯಿತು. ಆ ಸ್ಕ್ಯಾನ್ ಹಳ್ಳಿಗಳನ್ನು ತಲುಪುವವರೆಗೆ ಅಕ್ಷರಗಳು ಉಳಿದಿರಬೇಕು.

ಆದ್ದರಿಂದ ನನ್ನ ಕೋರಿಕೆಗಳು ಇಷ್ಟು. 1961ರ ರಾಜ್ಯದ ಕಾಯ್ದೆಯಡಿ ಸಂರಕ್ಷಿತವೆಂದು ಘೋಷಿಸಿದ ಸ್ಮಾರಕಗಳ ಆಚೆಗೆ, ಹೊಲದ ಬದುವಿನಲ್ಲಿ, ಕೆರೆಯ ಏರಿಯ ಮೇಲೆ ನಿಂತಿರುವ ಕಲ್ಲುಗಳಿಗಾಗಿ ಪುರಾತತ್ವ ಇಲಾಖೆಯವರು ಒಂದು ಪುಟದ ಸರಳ ಕನ್ನಡದ ಸೂಚನೆಯನ್ನು ಪ್ರತಿ ಗ್ರಾಮ ಪಂಚಾಯಿತಿಗೂ ಕಳುಹಿಸಬೇಕು. ಮುಜರಾಯಿ ಇಲಾಖೆಯವರು ಜೀರ್ಣೋದ್ಧಾರಕ್ಕೆ ಒಪ್ಪಿಗೆ ಕೊಡುವ ಮೊದಲು, ಆ ಗುಡಿಯಲ್ಲಿ ಬರಹವಿರುವ ಕಲ್ಲು, ಗಂಟೆ, ಪೀಠಗಳೆಷ್ಟು ಎಂದು ಪಟ್ಟಿ ಮಾಡಿ ಚಿತ್ರ ತೆಗೆಸಬೇಕು. ಮರಳು ಹೊಡೆಯುವ ಯಂತ್ರ, ಆಸಿಡ್, ಎನಾಮಲ್‌ಗಳನ್ನು ಅಲ್ಲಿ ಬಳಸಬಾರದೆಂದು ಒಪ್ಪಿಗೆಯ ಪತ್ರದಲ್ಲಿಯೇ ಬರೆಯಬೇಕು. ಪಾಲಿಶ್ ಅಂಗಡಿಯವರು ಪಾತ್ರೆ ತೆಗೆದುಕೊಳ್ಳುವಾಗ ಅದರ ಮೇಲಿನ ಅಕ್ಷರಗಳನ್ನು ಗ್ರಾಹಕರಿಗೆ ತೋರಿಸಿ, ಚಕ್ರಕ್ಕೆ ಒಡ್ಡಲೇ ಬೇಡವೇ ಎಂದು ಕೇಳುವ ಪದ್ಧತಿ ಇಟ್ಟುಕೊಂಡರೆ ನನ್ನಂಥ ಅನೇಕರಿಗೆ ಉಪಕಾರವಾದೀತು. ತಮ್ಮ ಪತ್ರಿಕೆಯೂ ಹಬ್ಬಕ್ಕೆ ಮುಂಚೆ ಬೀದರಿನ ಕುಶಲಕರ್ಮಿಗಳು, ಗುಡಿಗಾರರು, ಕಂಚುಗಾರರು ಮತ್ತು ಶಾಸನತಜ್ಞರಿಂದ ಒಂದು ಪುಟ ಬರೆಯಿಸಬೇಕೆಂದು ಕೇಳಿಕೊಳ್ಳುತ್ತೇನೆ. ನಾನು ಇಲ್ಲಿ ಬರೆದುದಕ್ಕಿಂತ ಹೆಚ್ಚಿನದನ್ನು ಅವರು ಬಲ್ಲರು.

ಓದುಗರು ಈ ವಾರ ಅಟ್ಟದಿಂದ ಪಾತ್ರೆಗಳನ್ನು ಇಳಿಸಿದಾಗ, ತೊಳೆಯುವ ಮೊದಲು ಕಿಟಕಿಯ ಪಕ್ಕದ ಓರೆ ಬೆಳಕಿನಲ್ಲಿ ಒಂದು ಸಲ ತಿರುಗಿಸಿ ನೋಡಲಿ. ಅಕ್ಷರ ಕಂಡರೆ ಮೊಬೈಲಿನಲ್ಲಿ ಚಿತ್ರ ತೆಗೆದು, ಮನೆಯ ಹಿರಿಯರನ್ನು ಕೂರಿಸಿಕೊಂಡು ಅದು ಯಾರ ಹೆಸರು, ಯಾವ ಊರು ಎಂದು ಕೇಳಿ ಬರೆದಿಟ್ಟುಕೊಳ್ಳಲಿ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಕನ್ನಡ ಶಿಕ್ಷಕಿ,
ಶಿಕಾರಿಪುರ ತಾಲ್ಲೂಕು, ಶಿವಮೊಗ್ಗ ಜಿಲ್ಲೆ